ಕೈಚೀಲ ಮೀಮಾಂಸೆ: ಅರೀಥಾ ಅಭಿಮಾನಿಗಳ ತ್ರಿಮತ ವಿಚಾರ

ಸೋಲ್ ಸಂಗೀತದ ಮಹಾರಾಣಿ ಅರೀಥಾ ಫ್ರಾಂಕ್ಲಿನ್ (1942–2018) ಅವರ ಅಭಿಮಾನಿಗಳಲ್ಲಿ ಮೂರು ಮತಗಳುಂಟು: ಕೈಚೀಲವಾದ, ಟೊಪ್ಪಿಗೆವಾದ ಮತ್ತು ಕೋಟುವಾದ. ಅವರ ಗಾಯನ ಅಪ್ರತಿಮವೆಂಬಲ್ಲಿ ಮೂರು ಮತದವರೂ ಒಂದೇ ಆದುದರಿಂದ ಆ ವಿಷಯ ಶಾಸ್ತ್ರಚರ್ಚೆಗೆ ಒದಗುವುದಿಲ್ಲ. ಜಗಳವಿಲ್ಲದ ಕಡೆ ಭಾಷ್ಯ ಹುಟ್ಟುವುದಿಲ್ಲವಷ್ಟೆ.

ಹುಟ್ಟಿದ್ದು ಮೆಂಫಿಸ್‌ನಲ್ಲಿ, ಬೆಳೆದದ್ದು ಡೆಟ್ರಾಯಿಟ್‌ನಲ್ಲಿ. ತಂದೆ ಸಿ.ಎಲ್. ಫ್ರಾಂಕ್ಲಿನ್ ನ್ಯೂ ಬೆಥೆಲ್ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿ. ಪ್ರವಚನಗಳೇ ಗ್ರಾಮಫೋನ್ ತಟ್ಟೆಗಳಾಗಿ ಮಾರಾಟವಾಗುವಷ್ಟು ವಾಗ್ಮಿ. ಮಗಳು ಪಿಯಾನೊ ಕಲಿತದ್ದು ಕಿವಿಯಿಂದಲೇ. 1960ರಲ್ಲಿ ಕೊಲಂಬಿಯಾ ಕಂಪನಿ ಸೇರಿ ಕಳೆದ ಆರು ವರ್ಷಗಳನ್ನು ಪಂಡಿತರು ಪೂರ್ವಪಕ್ಷದ ಕಾಲವೆನ್ನುತ್ತಾರೆ. ಆ ಗಂಟಲನ್ನು ಏನು ಮಾಡಬೇಕೆಂದು ಕಂಪನಿಗೆ ತೋಚಿರಲಿಲ್ಲ. ಸಿದ್ಧಾಂತ ಸ್ಥಾಪನೆಯಾದದ್ದು 1967ರ ಜನವರಿಯಲ್ಲಿ, ಅಟ್ಲಾಂಟಿಕ್ ಕಂಪನಿಯ ಜೆರಿ ವೆಕ್ಸ್ಲರ್ ಅಲಬಾಮಾದ ಮಸಲ್ ಶೋಲ್ಸ್‌ನಲ್ಲಿ ಅವರನ್ನು ಪಿಯಾನೊ ಮುಂದೆ ಕೂರಿಸಿದಾಗ. ಆ ರಾತ್ರಿಯೇ ಹೊಡೆದಾಟವಾಗಿ ಧ್ವನಿಮುದ್ರಣ ನಿಂತಿತು. ಜಗಳವಿದ್ದೂ ಭಾಷ್ಯಕ್ಕೆ ಯೋಗ್ಯವಲ್ಲದ ಪ್ರಸಂಗ ಇದೊಂದೇ.

ಮುಂದಿನ ತಿಂಗಳು ನ್ಯೂಯಾರ್ಕ್‌ನಲ್ಲಿ ಹಾಡಿದ 'ರೆಸ್ಪೆಕ್ಟ್' ಮೂಲತಃ ಓಟಿಸ್ ರೆಡಿಂಗ್ 1965ರಲ್ಲಿ ಬರೆದು ಹಾಡಿದ್ದು. ಅದರಲ್ಲಿ ದುಡಿದು ಮನೆಗೆ ಬಂದ ಗಂಡಸು ಮರ್ಯಾದೆ ಕೇಳುತ್ತಾನೆ. ಅರೀಥಾ ಹಾಡಿದ ಮೇಲೆ ಕೇಳುವ ಹಕ್ಕು ಹೆಂಗಸಿಗೆ ಬಂತು. ರೇಡಿಯೊ ರಾಯಧನದ ಹಕ್ಕು ಮಾತ್ರ ಬರಲಿಲ್ಲ. ಅಮೆರಿಕದ ಎಎಂ-ಎಫ್ಎಂ ರೇಡಿಯೊ ಹಾಡು ಬರೆದವರಿಗೆ ಕೊಡುತ್ತದೆ, ಹಾಡಿದವರಿಗೆ ಕೊಡುವುದಿಲ್ಲ.

ಕೈಚೀಲವಾದದ ಬುನಾದಿ ಇಲ್ಲಿದೆ. ಅರೀಥಾ ಕೈಚೀಲವನ್ನು ವೇದಿಕೆಗೇ ತಂದು, ಪಿಯಾನೊ ಮೇಲೆ ಕಣ್ಣಳತೆಯಲ್ಲಿಟ್ಟು ಹಾಡುತ್ತಿದ್ದರು. ಎಳಸು ಅಭಿಮಾನಿಗೆ ಅದರಲ್ಲಿ ಅಲಂಕಾರ ಕಾಣುತ್ತದೆ; ಸ್ವಲ್ಪ ಓದಿಕೊಂಡವನಿಗೆ ಸಂಕೇತ; ಪಿಎಚ್.ಡಿ. ಹಂತದಲ್ಲಿ ಬ್ರಹ್ಮಾಂಡವೇ ಕಾಣುವುದುಂಟು. ಒಳಗಿರುತ್ತಿದ್ದದ್ದು ದುಡ್ಡು. ಸಂಭಾವನೆಯನ್ನು ಹಾಡುವ ಮೊದಲೇ ನಗದಾಗಿ ಎಣಿಸಿಕೊಳ್ಳುವುದು ಅವರ ಪದ್ಧತಿ. ಕಪ್ಪು ಕಲಾವಿದರಿಗೆ ಕಾರ್ಯಕ್ರಮ ಮುಗಿದ ಮೇಲೆ ಕೈಕೊಡುವ ವ್ಯವಸ್ಥಾಪಕರನ್ನು ಆ ಪೀಳಿಗೆ ಬೇಕಾದಷ್ಟು ಕಂಡಿತ್ತು. ಹೀಗಾಗಿ 'ರೆಸ್ಪೆಕ್ಟ್' ಹಾಡಿಗೆ ಇರುವ ವ್ಯಾಖ್ಯಾನಗಳಲ್ಲೆಲ್ಲ ಅತ್ಯಂತ ಚಿಕ್ಕದೂ ನಿರ್ವಿವಾದವೂ ಆದದ್ದು ಆ ಚೀಲವೇ. ಇಷ್ಟು ಒಪ್ಪಿದ ಮೇಲೂ ಅದು ಪಿಯಾನೊದ ಬಲಕ್ಕಿರಬೇಕೋ ಎಡಕ್ಕೋ ಎಂದು ಒಳಪಂಗಡಗಳು ಕಾದಾಡುತ್ತವೆ. ಆ ಸಾಹಿತ್ಯವನ್ನು ಓದದಿರುವುದೇ ಲೇಸು.

ಟೊಪ್ಪಿಗೆವಾದ ಒಂದೇ ದಿನದ ಮೇಲೆ ನಿಂತ ಮತ: 2009ರ ಜನವರಿ 20. ಒಬಾಮ ಪ್ರಮಾಣವಚನದಂದು ಅರೀಥಾ ತೊಟ್ಟ ಬೂದುಬಣ್ಣದ ಟೊಪ್ಪಿಗೆಯ ದೊಡ್ಡ ಬಿಲ್ಲುಗಂಟನ್ನು ಜಗತ್ತೇ ನೋಡಿತು. ಡೆಟ್ರಾಯಿಟ್‌ನ ಲ್ಯೂಕ್ ಸಾಂಗ್ ಅದನ್ನು ಮಾಡಿದವರು. ಅರೀಥಾ ಅಂದು ಏನು ಹಾಡಿದರೆಂದು ಕೇಳಿದರೆ ಈ ಮತದವರು ತಡವರಿಸುತ್ತಾರೆ.

ಕೋಟುವಾದಿಗಳ ಪ್ರಮಾಣ 2015ರ ಕೆನಡಿ ಸೆಂಟರ್ ಸಮಾರಂಭ. 73ರ ವಯಸ್ಸಿನಲ್ಲಿ ಅರೀಥಾ 'ನ್ಯಾಚುರಲ್ ವುಮನ್' ಹಾಡುತ್ತ, ತಾರಕ ಮುಟ್ಟುವಾಗ ನೆಲಮುಟ್ಟುವ ತುಪ್ಪಳದ ಕೋಟನ್ನು ಬೆನ್ನ ಹಿಂದೆ ಜಾರಿಸಿಬಿಟ್ಟರು, ಸಭೆ ಎದ್ದುನಿಂತಿತು. ಮತಕ್ಕೆ ತೊಡಕೆಂದರೆ, ಒಬಾಮ ಕಣ್ಣೊರೆಸಿಕೊಂಡದ್ದು ಹಾಡಿನ ಆರಂಭದಲ್ಲೇ. ಆಗ ಕೋಟು ಮೈಮೇಲೆಯೇ ಇತ್ತು. ಕೈಚೀಲ ಪಿಯಾನೊ ಮೇಲಿತ್ತು.

1998ರ ಗ್ರ್ಯಾಮಿಯಲ್ಲಿ ಗಂಟಲು ಕೆಟ್ಟ ಆಪೆರಾ ಗಾಯಕ ಪವರೋಟಿ ಬದಲಿಗೆ ಕಡೇ ಗಳಿಗೆಯಲ್ಲಿ ಅವರದೇ ಶ್ರುತಿಯಲ್ಲಿ ಇಟಾಲಿಯನ್ ಆಪೆರಾ ಗೀತೆ ಹಾಡಿದ್ದು ಯಾವ ಮತಕ್ಕೂ ಸೇರುವುದಿಲ್ಲ. ಅದು ಬರೀ ಸಂಗೀತ.

ಅಂತಿಮ ದರ್ಶನದಲ್ಲೂ ಅವರಿಗೆ ದಿನಕ್ಕೊಂದು ಉಡುಪು: ಮೊದಲ ದಿನ ಕೆಂಪು, ಮರುದಿನ ತಿಳಿನೀಲಿ. ಬಳಿಕ ಮನೆಯ ಸೋಫಾ ದಿಂಬಿನಡಿ ಒಂದು ನೋಟ್‌ಬುಕ್ಕಿನಲ್ಲಿ 2014ರ ಕೈಬರಹದ ಉಯಿಲು ಸಿಕ್ಕಿತು. ನಾಲ್ಕನೆಯದಾದ ಸೋಫಾವಾದ ಉದಯಿಸಿದ್ದು ಹೀಗೆ. 2023ರಲ್ಲಿ ಮಿಷಿಗನ್‌ನ ಜ್ಯೂರಿ ಒಂದು ಗಂಟೆಯೊಳಗೆ ಅದನ್ನೇ ಊರ್ಜಿತವೆಂದಿತು. ಬೀಗ ಹಾಕಿದ ಕಪಾಟಿನಲ್ಲಿ ಭದ್ರವಾಗಿದ್ದ 2010ರ ಉಯಿಲು ಸೋತಿತು.