ಸೂಪರ್‌ಮ್ಯಾನ್ ಪಾವಗಡಕ್ಕೆ ಬಂದರೆ

(ಮಧುಗಿರಿ ಬಸ್‌ಸ್ಟ್ಯಾಂಡು. ಶಿರಾ ಬಸ್ಸಿಗೆ ಕಾಯುತ್ತ ನಿವೃತ್ತ ಮೇಷ್ಟ್ರು ಕಾಮಿಕ್ಸ್‌ನಲ್ಲಿ ಮುಳುಗಿದ್ದಾರೆ.)

ರಂಗ: ಏನ್ ಮೇಷ್ಟ್ರೇ, ಈ ವಯಸ್ಸಲ್ಲಿ ಚಿತ್ರದ ಪುಸ್ತಕ?

ಮೇಷ್ಟ್ರು: 1990ರಲ್ಲಿ ಇಂದ್ರಜಾಲ ಕಾಮಿಕ್ಸ್ ನಿಂತ್ಮೇಲೆ ಬಿಟ್ಟಿದ್ದೆ ಕಣೋ. ಈಗ ತಲೆಬುಡ ಹತ್ತಲ್ಲ. 1992ರಲ್ಲಿ ಸೂಪರ್‌ಮ್ಯಾನ್ ಸತ್ತನಂತೆ, ಮರುವರ್ಷ ಎದ್ದು ಬಂದನಂತೆ!

ರಂಗ: ಪಿಂಚಣಿ ಪಟ್ಟೀಲಿ ಹೆಸರು ವಾಪಸ್ ಸೇರ್ಸೋಕೆ ಎಷ್ಟು ಕೊಟ್ನಂತೆ?

ಮೇಷ್ಟ್ರು: ಫ್ಯಾಂಟಮ್ಮೇ ವಾಸಿ. ಅಪ್ಪನ ಮುಖವಾಡ ಮಗನಿಗೆ. ಇಪ್ಪತ್ತೊಂದು ತಲೆಮಾರು!

ರಂಗ: ಅದನ್ನ ಓದ್ಬೇಕಾ? ಎಲೆಕ್ಷನ್ ಬಂದಾಗ ನೋಡ್ತೀವಲ್ಲ.

ಮೇಷ್ಟ್ರು: ಸೂಪರ್‌ಮ್ಯಾನ್‌ಗೆ ಕ್ರಿಪ್ಟೊನೈಟ್ ಕಲ್ಲು ವಿಷ. ಬಲ ಬರೋದು ಬಿಸಿಲಿಂದ.

ರಂಗ: ಹಂಗಾದ್ರೆ ಪಾವಗಡಕ್ಕೆ ಕಳ್ಸಿ. ಸೋಲಾರ್ ಪಾರ್ಕಲ್ಲೇ 2,050 ಮೆಗಾವಾಟ್ ಐತೆ. ದಾಹ ಆದ್ರೆ ಅಲ್ಲಿನ ಬೋರ್‌ವೆಲ್ ನೀರು ಕೊಡಿ.

ಮೇಷ್ಟ್ರು: ಕುಡಿದ್ರೆ?

ರಂಗ: ಫ್ಲೋರೈಡು ಸ್ವಾಮಿ. ಕ್ರಿಪ್ಟೊನೈಟ್ ಏನ್ ಮಹಾ!