ಜೀಪಿನ ಜೀರ್ಣೋದ್ಧಾರ

ಹಳೆಯ ಜೀಪಿನ ಜೀರ್ಣೋದ್ಧಾರ ಅಹಮದಾಬಾದಿನಲ್ಲಿ ಸಾಮಾನ್ಯವಾಗಿ ಒಂದು ಭಾನುವಾರ ಬೆಳಿಗ್ಗೆ, ಸಾಬರಮತಿ ದಂಡೆಯ ಗುಜರಿ ಬಜಾರಿನಲ್ಲಿ ಸ್ಪ್ಯಾನರ್ ಕೊಳ್ಳುವುದರಿಂದ ಶುರುವಾಗುತ್ತದೆ. ಕನ್ನಡಿಗರಿಗೆ ಗುಜರಿ ಎಂದರೆ ಹಳೆ ಪೇಪರು, ಒಡೆದ ಬಕೆಟ್ಟು, ತಕ್ಕಡಿಯ ಬಗ್ಗೆ ಒಂದು ಸಣ್ಣ ಅನುಮಾನ. ಅಲ್ಲಿ ಹಾಗಲ್ಲ. ಅದು ಊರು ಕಟ್ಟಿಸಿದ ಅಹ್ಮದ್ ಷಾ ಸುಲ್ತಾನನೇ 1414ರಲ್ಲಿ ಆರಂಭಿಸಿದ್ದೆಂದು ಹೇಳಿಕೊಂಡು ಬಂದಿರುವ, ಆರು ಶತಮಾನದ ಮರ್ಯಾದಸ್ಥ ಸಂತೆ. 2014ರಲ್ಲಿ ಈ ಸಂತೆಯನ್ನೇ ನದೀತೀರದ ಹೊಸ ಕಟ್ಟೆಗಳಿಗೆ ಏರಿಸಿ ನವೀಕರಿಸಲಾಯಿತು. ಹತ್ತಿರದಲ್ಲೇ ಎಲ್ಲಿಸ್ ಸೇತುವೆ. 1892ರ ಆ ಉಕ್ಕಿನ ಸೇತುವೆಯನ್ನು ಕೆಡವದೆ, 1999ರಲ್ಲಿ ಅದರ ಎರಡೂ ಮಗ್ಗುಲಿಗೆ ಕಾಂಕ್ರೀಟಿನ ಸೇತುವೆ ಕಟ್ಟಿದರು. ಮದುವೆಮನೆಯಲ್ಲಿ ನಡುವೆ ಕುರ್ಚಿ ಹಾಕಿ ಅಜ್ಜನನ್ನು ಕೂರಿಸಿದಂತೆ ಹಳೆಯದು ಮಧ್ಯದಲ್ಲಿದೆ. ಓಡಾಟವೆಲ್ಲ ಪಕ್ಕದ ಮೊಮ್ಮಕ್ಕಳದು. ಜೀಪಿನ ವಿಷಯದಲ್ಲಿ ಈ ಅನುಕೂಲವಿಲ್ಲ. ಅಲ್ಲಿ ಅಜ್ಜನೇ ಓಡಬೇಕು.

ಈ ವಿದ್ಯೆಯೆಲ್ಲ ಎರಡು ಪದಗಳ ನಡುವೆ ತೂಗಾಡುತ್ತದೆ. ಒಂದು ‘ಅಸಲ್’, ಇನ್ನೊಂದು ‘ಚಾಲ್ಶೇ’. ಮೊದಲನೆಯದು ಯಜಮಾನನ ಬಾಯಲ್ಲಿರುತ್ತದೆ, ಎರಡನೆಯದು ಗ್ಯಾರೇಜಿನ ಉಸ್ತಾದರ ಬಾಯಲ್ಲಿ. ಗುಜರಾತಿಯ ಚಾಲ್ಶೇ ಎಂದರೆ ಕನ್ನಡದ ‘ನಡೆಯುತ್ತೆ’. ಎರಡಕ್ಕೂ ಒಂದೇ ಜಾಣತನ: ಗಾಡಿ ಓಡುತ್ತದೆ ಎಂದೂ ಆಯಿತು, ಇಷ್ಟಕ್ಕೆ ಸುಮ್ಮನಿರಿ ಎಂದೂ ಆಯಿತು. ಬಾನೆಟ್ಟಿನ ಕೊಂಡಿ ಅಸಲೇ ಬೇಕೆಂದು ಯಜಮಾನ ಮೂರು ತಿಂಗಳು ಊರೂರು ತಿರುಗುತ್ತಾನೆ. ಅಷ್ಟರಲ್ಲಿ ಉಸ್ತಾದರು ಯಾವುದೋ ಟೆಂಪೋದ ಕೊಂಡಿಯನ್ನು ಎರಡೇಟು ಬಡಿದು ಕೂರಿಸಿ “ಚಾಲ್ಶೇ, ಸಾಹೇಬ್” ಎಂದಿರುತ್ತಾರೆ. ಅದು ನಡೆಯುತ್ತದೆ ಕೂಡ. ಯಜಮಾನನ ದುಃಖವೇ ಅದು.

ಅಸಲು ಯಾವುದು ಎಂಬ ಪ್ರಶ್ನೆಗೆ ಜೀಪಿನ ವಂಶಾವಳಿ ಸುಲಭದ ಉತ್ತರ ಕೊಡುವುದಿಲ್ಲ. ಎರಡನೆಯ ಮಹಾಯುದ್ಧಕ್ಕೆ ವಿಲ್ಲೀಸ್ ಕಂಪನಿ ಎಂಬಿ ಎಂಬ ಮಾದರಿಯನ್ನೂ, ಅದೇ ನಕ್ಷೆಯಲ್ಲಿ ಫೋರ್ಡ್ ಕಂಪನಿ ಜಿಪಿಡಬ್ಲ್ಯು ಎಂಬುದನ್ನೂ ತಯಾರಿಸಿದವು. ಫೋರ್ಡಿನವರು ತಮ್ಮ ಬೋಲ್ಟುಗಳ ತಲೆಯ ಮೇಲೆ ಎಫ್ ಅಕ್ಷರ ಒತ್ತಿದರು. ಎಂಬತ್ತು ವರ್ಷದ ಮೇಲೆ ಯಾರೋ ಭೂತಗನ್ನಡಿ ಹಿಡಿದು ಆ ಅಕ್ಷರ ಹುಡುಕುತ್ತಾ ಹೆಂಡತಿಯ ಸಿಟ್ಟಿಗೆ ಗುರಿಯಾಗುತ್ತಾರೆಂದು ಅವರಿಗೇನು ಗೊತ್ತಿತ್ತು? ಭಾರತದಲ್ಲಿ ಮಹೀಂದ್ರ ಕಂಪನಿ 1947ರಲ್ಲಿ ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳ ಜೋಡಣೆ ಆರಂಭಿಸಿತು. ಆಮೇಲೆ ಬಂದದ್ದು ಸಿಜೆ-3ಬಿ. ಅದಕ್ಕೆ ಕೂರಿಸಿದ ಹರಿಕೇನ್ ಎಂಜಿನ್ನಿನಲ್ಲಿ ಗಾಳಿ ಒಳಬಿಡುವ ವಾಲ್ವುಗಳು ಹೆಡ್ಡಿನ ಮೇಲೆ ಹತ್ತಿ ಕುಳಿತಿದ್ದರಿಂದ ಎಂಜಿನ್ ಎತ್ತರವಾಯಿತು. ಎಂಜಿನ್ನಿಗಾಗಿ ಬಾನೆಟ್ಟೂ ಎತ್ತರವಾಯಿತು. ಅಂದರೆ ಇಂದು ‘ಅಸಲ್ ಇಂಡಿಯನ್ ಜೀಪು’ ಎಂದು ಪೂಜಿಸುವ ಗಾಡಿಯೇ ಅಂದಿನ ಒಂದು ಅಪ್‌ಗ್ರೇಡು.

ಇದರ ವಿರುದ್ಧ ದಿಕ್ಕಿನಲ್ಲಿ ಓಡುವವರೂ ಇದ್ದಾರೆ. ಎತ್ತರದ ಬಾನೆಟ್ಟನ್ನು ಕತ್ತರಿಸಿ, ಯುದ್ಧಕಾಲದ ‘ಲೋ ಬಾನೆಟ್’ ರೂಪ ಕೊಟ್ಟು, ಪಕ್ಕಕ್ಕೊಂದು ಬಿಳಿ ನಕ್ಷತ್ರ ಬರೆಸುತ್ತಾರೆ. ಹರಿಯಾಣದ ಮಂಡಿ ಡಬ್ವಾಲಿ ಎಂಬ ಊರು ಇಂಥ ಜೀಪು ಕಟ್ಟುವುದಕ್ಕೇ ಹೆಸರುವಾಸಿ. ಮೊನ್ನೆ ಹುಟ್ಟಿದ ಬಾಡಿ ನಾರ್ಮಂಡಿಯಲ್ಲಿ ಕಾದಾಡಿ ಬಂದಂತೆ ನಿಲ್ಲುತ್ತದೆ. ಕಳ್ಳತನ ಹಿಡಿಯಲು ಮುಂಭಾಗದ ಜಾಲರಿಯ ಸೀಳುಗಳನ್ನು ಎಣಿಸಿದರೆ ಸಾಕು: ಯುದ್ಧದ ಜೀಪಿಗೆ ಒಂಬತ್ತು, ನಾಗರಿಕ ಜೀಪಿಗೆ ಏಳು. ಕಲ್ಲಿನ ಗುಡಿಗೆ ಆಯಿಲ್ ಪೇಂಟು ಬಳಿದು, ನೆಲಕ್ಕೆ ಟೈಲ್ಸ್ ಹಾಸಿ, ‘ಜೀರ್ಣೋದ್ಧಾರ’ ಎಂದು ಬೋರ್ಡು ತೂಗುಹಾಕುವ ಊರಿನವರು ಇವರನ್ನು ನೋಡಿ ನಗುವಂತಿಲ್ಲ.

ಬಣ್ಣದ ವಿಷಯಕ್ಕೆ ಬಂದರೆ ಅಸಲುತನ ನೇರವಾಗಿ ಕಾನೂನಿಗೆ ಡಿಕ್ಕಿ ಹೊಡೆಯುತ್ತದೆ. ಸೇನೆಯ ಜೀಪಿಗೆ ಹುಟ್ಟುಬಣ್ಣ ಮಾಸಲು ಹಸಿರು. ಆದರೆ ಕೇಂದ್ರ ಮೋಟಾರು ವಾಹನ ನಿಯಮಾವಳಿಯ 121ನೇ ನಿಯಮದ ಪ್ರಕಾರ ರಕ್ಷಣಾ ಇಲಾಖೆಯದಲ್ಲದ ವಾಹನಕ್ಕೆ ಆಲಿವ್ ಹಸಿರು ಬಳಿಯುವಂತಿಲ್ಲ. ಆದ್ದರಿಂದ ಪೇಂಟರನ ಅಂಗಡಿಯಲ್ಲಿ ಯಜಮಾನ, ಹಸಿರಾಗಿ ಕಾಣುವ ಆದರೆ ಹಸಿರಲ್ಲದ ಬಣ್ಣವನ್ನು ವಿವರಿಸಲು ಮಧ್ಯಾಹ್ನವೆಲ್ಲ ಕಳೆಯುತ್ತಾನೆ. ಕೊನೆಗೆ ಒಪ್ಪಿಗೆಯಾಗುವುದು ಸಾಮಾನ್ಯವಾಗಿ ಗೋರಂಟಿ ಸೊಪ್ಪು ರುಬ್ಬಿ ಎರಡು ದಿನ ಮರೆತುಬಿಟ್ಟಂಥ ಒಂದು ಬಣ್ಣ.

ಎಂಜಿನ್ನಿನ ಪ್ರಕರಣ ಇನ್ನೂ ತೊಡಕಿನದು. ಪೆಟ್ರೋಲಿನ ಬೆಲೆ ಏರಿದಂತೆಲ್ಲ ದೇಶದ ತುಂಬಾ ಜೀಪುಗಳ ಎದೆ ಸೀಳಿ ಡೀಸೆಲ್ ಎಂಜಿನ್ ಕೂರಿಸಲಾಯಿತು. ಮುಂದೆ ಮಹೀಂದ್ರ ಕಂಪನಿಯೇ ಪ್ಯೂಜೋ ವಿನ್ಯಾಸದ ಡೀಸೆಲ್ ಎಂಜಿನ್ ಹಾಕಿ ಮಾರಿತು. ಜೋಂಗಾ ಎಂಬ ದೈತ್ಯನಂತೂ ಕೇಳುವುದೇ ಬೇಡ. ಜಬಲ್‌ಪುರದ ಸೇನಾ ಕಾರ್ಖಾನೆಯ ಹೆಸರಿನ ಇಂಗ್ಲಿಷ್ ಅಕ್ಷರಗಳಿಂದ ಹುಟ್ಟಿದ ಆ ಹೆಸರಿನ ಗಾಡಿ ನಿಸಾನ್ ಪ್ಯಾಟ್ರೋಲ್ ತಳಿಯದು, ಸುಮಾರು 4 ಲೀಟರಿನ ಆರು ಸಿಲಿಂಡರ್ ಎಂಜಿನ್. ಸೇನೆಯ ಹರಾಜಿನಲ್ಲಿ ಅಗ್ಗಕ್ಕೆ ಬಂತೆಂದು ಮನೆಗೆ ತಂದವರಿಗೆ ಆನೆ ಕೊಂಡವನಿಗೆ ಆಮೇಲೆ ತಿಳಿಯುವ ಸತ್ಯವೆಲ್ಲ ಮೊದಲ ಪೆಟ್ರೋಲ್ ಬಂಕಿನಲ್ಲೇ ತಿಳಿಯುತ್ತದೆ. ಹೀಗೆ ಆರ್‌ಸಿಯಲ್ಲಿ ಪೆಟ್ರೋಲ್, ಬಾನೆಟ್ಟಿನೊಳಗೆ ಡೀಸೆಲ್ ಇರುವ ದ್ವೈತ ಗಾಡಿಗಳು ಬಹಳ. ತಯಾರಕರ ಮೂಲ ಸ್ವರೂಪಕ್ಕೆ ವಿರುದ್ಧವಾದ ಬದಲಾವಣೆ ಸಲ್ಲದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದ ಮೇಲೆ ಇಂಥ ಯಜಮಾನರು ಟ್ರಾಫಿಕ್ ಪೊಲೀಸರನ್ನು ಕಂಡರೆ ಬಾನೆಟ್ಟಿನ ಮೇಲೆ ಒರಗಿ ನಿಲ್ಲುವ ಅಭ್ಯಾಸ ಮಾಡಿಕೊಂಡಿದ್ದಾರೆ.

ಬ್ರೇಕಿನಲ್ಲಿ ಮಾತ್ರ ಅಸಲುತನದ ಹಟ ಹಿಡಿಯುವುದು ಮೂರ್ಖತನ. ಹಳೆಯ ಜೀಪಿನ ನಾಲ್ಕು ಡ್ರಮ್ ಬ್ರೇಕುಗಳಿಗೂ ಒಂದೇ ಮಾಸ್ಟರ್ ಸಿಲಿಂಡರು, ಒಂದೇ ಎಣ್ಣೆಯ ದಾರಿ. ಎಲ್ಲಾದರೂ ಒಂದು ಕಡೆ ಸೋರಿದರೆ ನಾಲ್ಕೂ ಒಟ್ಟಿಗೆ ಕೈಬಿಡುತ್ತವೆ. ಕೂಡುಕುಟುಂಬದ ಜಗಳದ ಹಾಗೆ. ಮುಂದಿನ ಎರಡಕ್ಕೆ ಒಂದು, ಹಿಂದಿನ ಎರಡಕ್ಕೆ ಒಂದು ಎಂದು ದಾರಿ ಬೇರೆ ಮಾಡುವ ಜೋಡಿ ಸಿಲಿಂಡರನ್ನು ಕಾಲಡಿಯ ತಗಡಿನ ಕೆಳಗೆ ಕೂರಿಸಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಯುದ್ಧಕಾಲದ 6 ವೋಲ್ಟಿನ ದೀಪ, ತನ್ನ ಮುಂದೆ ಕತ್ತಲೆ ಇದೆ ಎಂದು ತಿಳಿಸುವಷ್ಟು ಮಾತ್ರ ಬೆಳಗುತ್ತದೆ; ಅದನ್ನು 12 ವೋಲ್ಟಿಗೆ ಏರಿಸುವುದೂ ಸದ್ದಿಲ್ಲದೆ ನಡೆಯುವ ಕೆಲಸ. ಸೂರತ್ತಿನ ಡುಮಸ್ ಕಡಲತೀರದ ಕಪ್ಪು ಮರಳಿನಲ್ಲಿ ಗಾಡಿ ಇಳಿಸುವ ಆಸೆಯಿದ್ದವರು ಚಾಸಿಗೆ ಮೊದಲೇ ತುಕ್ಕುನಿರೋಧಕ ಪ್ರೈಮರ್ ಬಳಿದು ಮೇಲೆ ಹಳೆಯ ಕಪ್ಪನ್ನೇ ಹೊಡೆಸುತ್ತಾರೆ. ಬಲ್ಲವರ ಕಟ್ಟಳೆ ಇಷ್ಟು: ಹೊಸ ತೂತು ಕೊರೆಯಬಾರದು, ಬೆಸುಗೆ ಹಾಕಬಾರದು, ಹಾಕಿದ್ದನ್ನು ನಾಳೆ ಬಿಚ್ಚುವಂತಿರಬೇಕು, ಬಿಚ್ಚಿದ ಹಳೆಯದನ್ನು ಎಸೆಯಬಾರದು. ಕೊನೆಯ ಮಾತಿನ ಫಲವಾಗಿ ವಡೋದರೆಯ ಅಪಾರ್ಟ್‌ಮೆಂಟೊಂದರ ಮಂಚದ ಕೆಳಗೆ ಗೋಣಿಚೀಲದಲ್ಲಿ ಡೈನಮೋ ಮಲಗಿರಬಹುದು, “ರೀ, ಇದನ್ನ ಯಾವಾಗ ಎತ್ತಿಡ್ತೀರಿ?” ಎಂಬ ಪ್ರಶ್ನೆ ವಾರಕ್ಕೊಮ್ಮೆ ಕೇಳಿಬರಬಹುದು.

ಬಿಸಿಲಿನ ವಿಚಾರ ಅಹಮದಾಬಾದಿನದೇ. 2016ರ ಮೇ ತಿಂಗಳಲ್ಲಿ ಅಲ್ಲಿ 48 ಡಿಗ್ರಿ ದಾಖಲಾಯಿತು. ಇಂಥ ಮಧ್ಯಾಹ್ನ ಸರಖೇಜ್ ದಾರಿಯಲ್ಲಿ ಜೀಪು ನಾಲ್ಕು ಸಲ ಗೊರಗೊರ ಎಂದು ನಿಂತುಬಿಡುತ್ತದೆ. ಪೆಟ್ರೋಲು ಇದೆ, ಕಿಡಿಯೂ ಇದೆ. ಆದರೆ ಎಂಜಿನ್ನಿಗೆ ಅಂಟಿಕೊಂಡ ಪಂಪು ಕಾದು, ಪೈಪಿನೊಳಗಿನ ಪೆಟ್ರೋಲು ಆವಿಯಾಗಿ, ಪಂಪು ಬರೀ ಗಾಳಿ ಹೀರುತ್ತಿದೆ. ಅಸಲ್ ಚಿಕಿತ್ಸೆ ಎಂದರೆ ಜ್ವರದ ಮಗುವಿನ ಹಣೆಗೆ ಹಾಕುವಂತೆ ಪಂಪಿಗೆ ಒದ್ದೆ ಕರ್ಚೀಫು ಸುತ್ತುವುದು. ಯಜಮಾನ ಸುತ್ತುತ್ತಾನೆ, ಪಕ್ಕದ ಗಾಡಿಯಿಂದ ತಣ್ಣನೆಯ ಛಾಸ್, ಅಂದರೆ ಮಜ್ಜಿಗೆ, ತರಿಸಿ ಕುಡಿಯುತ್ತಾನೆ, ಕರ್ಚೀಫು ಐದೇ ನಿಮಿಷಕ್ಕೆ ಒಣಗುತ್ತದೆ, ಇನ್ನೊಂದು ಲೋಟ ಛಾಸ್ ತರಿಸುತ್ತಾನೆ. ಟ್ಯಾಂಕಿನ ಬಳಿ ಸಣ್ಣ ವಿದ್ಯುತ್ ಪಂಪು ಹಾಕಿದರೆ ರಗಳೆಯೇ ಇಲ್ಲ. ಹಾಕಿದವರು ಅದರ ಸ್ವಿಚ್ಚನ್ನು ಡ್ಯಾಶ್‌ಬೋರ್ಡಿನ ಹಿಂದೆ ಬಚ್ಚಿಡುತ್ತಾರೆ. ಕರ್ಚೀಫನ್ನು ಮಾತ್ರ ಗೆಳೆಯರ ಎದುರು ಸುತ್ತುವುದನ್ನು ಬಿಡುವುದಿಲ್ಲ. ಪೆಟ್ರೋಲಿನಲ್ಲಿ ಈಗ ಶೇಕಡಾ 20ರಷ್ಟು ಎಥನಾಲ್ ಬೆರೆತು ಬರುತ್ತಿರುವುದರಿಂದ ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ ಎಲ್ಲ ಬಲುಬೇಗ ಹಾಳಾಗುತ್ತವೆ. ಅವುಗಳನ್ನು ಬದಲಿಸುವುದನ್ನು ಯಾವ ಸಂಪ್ರದಾಯವಾದಿಯೂ ಅಪ್‌ಗ್ರೇಡು ಎನ್ನುವುದಿಲ್ಲ. ಪಥ್ಯ ಎನ್ನುತ್ತಾರೆ.

ಅಸಲುತನಕ್ಕೆ ಸರ್ಕಾರವೇ ಬೆಲೆ ಕಟ್ಟಿದ್ದು 2021ರ ಜುಲೈಯಲ್ಲಿ. 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಟಿಲ್ಲದೆ ಮೂಲರೂಪದಲ್ಲಿರುವ ಖಾಸಗಿ ಗಾಡಿ ‘ವಿಂಟೇಜ್’ ಎನಿಸಿಕೊಂಡು ವಿಎ ಅಕ್ಷರಗಳ ನಂಬರು ಪಡೆಯಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000. ಅವಧಿ 10 ವರ್ಷ. ಈ ಗೌರವಕ್ಕೆ ಒಂದು ಷರತ್ತು: ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲು ತುಂಬಿಸುವುದು ಇಂಥವಕ್ಕೆ ಮಾತ್ರ. ಮುತ್ತೈದೆಗೆ ರೇಷ್ಮೆ ಸೀರೆ ಉಡಿಸಿ ಹೊಸಿಲು ದಾಟಬೇಡ ಎಂದ ಹಾಗಾಯಿತು. ಇದಾಗಿ ತಿಂಗಳೂ ತುಂಬುವ ಮೊದಲು, ಆಗಸ್ಟ್ 13ರಂದು, ಗುಜರಾತಿನಲ್ಲೇ ನಡೆದ ಹೂಡಿಕೆದಾರರ ಸಮಾವೇಶದಲ್ಲಿ ಹಳೆಯ ವಾಹನಗಳನ್ನು ಗುಜರಿಗೆ ಹಾಕುವ ನೀತಿಗೆ ಚಾಲನೆ ಸಿಕ್ಕಿತು. ಮೂವತ್ತು ವರ್ಷದ ಜೀಪುಗಳಿಗೆ ಆ ಹೊತ್ತಿಗೆ ಮುದುಕರಾಗಲು ವಯಸ್ಸು ಸಾಲದು, ಬದುಕಲು ವಯಸ್ಸು ಜಾಸ್ತಿ.

ಪ್ರದರ್ಶನಗಳ ಮಾತೇ ಬೇರೆ. 2023ರ ಜನವರಿಯಲ್ಲಿ ವಡೋದರೆಯ ಲಕ್ಷ್ಮೀವಿಲಾಸ ಅರಮನೆಯ ಅಂಗಳದಲ್ಲಿ ಹಳೆಯ ಕಾರುಗಳ ದೊಡ್ಡ ಸ್ಪರ್ಧೆ ನಡೆಯಿತು. ಅಹಮದಾಬಾದಿನ ಹೊರವಲಯದ ಕಠವಾಡದಲ್ಲಿ ಪ್ರಾಣ್‌ಲಾಲ್ ಭೋಗಿಲಾಲ್ ಅವರ ಸಂಗ್ರಹದ ರೋಲ್ಸ್‌ರಾಯ್ಸ್‌ಗಳು ಸಾಲಾಗಿ ನಿಂತಿವೆ. ಇಂಥ ಕಡೆ ತೀರ್ಪುಗಾರರು ಬಗ್ಗಿ ನೋಡುವುದು ಸ್ಕ್ರೂನ ತಲೆಯನ್ನು. ನಕ್ಷತ್ರಾಕಾರದ ಗೀರಿದ್ದರೆ ಅಂಕ ಹೋಯಿತು. ರಾಜರ ಕಾರಿಗೆ ಇದು ಸರಿ. ಕೆಸರು ತುಳಿಯಲೆಂದೇ ಹುಟ್ಟಿದ ಜೀಪನ್ನು ಹುಲ್ಲುಹಾಸಿನ ಮೇಲೆ ಚಿಂದಿಬಟ್ಟೆಯಿಂದ ಒರೆಸುತ್ತಾ ನಿಂತವನನ್ನು ಕಂಡಾಗ ಮಾತ್ರ ಜೀಪಿನ ಪರವಾಗಿ ಸ್ವಲ್ಪ ನಾಚಿಕೆಯಾಗುತ್ತದೆ.

ಉಳಿದದ್ದು ಪೆಟ್ರೋಲ್ ಬಂಕು. ಯುದ್ಧಕಾಲದ ಜೀಪಿನಲ್ಲಿ ಟ್ಯಾಂಕು ಇರುವುದು ಚಾಲಕನ ಸೀಟಿನ ಕೆಳಗೆ. ಯಜಮಾನ ಇಳಿಯಬೇಕು, ದಿಂಬು ಎತ್ತಬೇಕು, ಅದನ್ನು ಕಂಕುಳಲ್ಲಿ ಅವುಚಿಕೊಂಡು ನಿಲ್ಲಬೇಕು. ಈ ವ್ಯವಸ್ಥೆಯನ್ನು ಬದಲಿಸಿದವರು ಕಡಿಮೆ. ಕಷ್ಟಕ್ಕಿಂತ ಅದರಿಂದ ಸಿಗುವ ಪ್ರೇಕ್ಷಕರು ಹೆಚ್ಚು. ಹಿಂದೆ ಸಿಎನ್‌ಜಿ ರಿಕ್ಷಾಗಳ ಸಾಲು, ಹಾರ್ನು. ಬಂಕಿನ ಹುಡುಗ ನಳಿಕೆ ಇಳಿಬಿಟ್ಟು ಗಾಡಿಯನ್ನು ಹಿಂದೆ ಮುಂದೆ ನೋಡುತ್ತಾನೆ. ಎಫ್ ಬೋಲ್ಟು, ಒಂಬತ್ತು ಸೀಳು, ಬಚ್ಚಿಟ್ಟ ಪಂಪು, ಕಷ್ಟಪಟ್ಟು ಬೆರೆಸಿದ ಬಣ್ಣ ಯಾವುದರ ಬಗ್ಗೆಯೂ ಅವನಿಗೆ ಕುತೂಹಲವಿಲ್ಲ. ಕೇಳುವುದು ಒಂದೇ: “ಸಾಹೇಬ್, ಏವರೇಜ್ ಕೇಟ್ಲಿ ಆಪೇ ಛೇ?” ಎಷ್ಟು ಮೈಲೇಜು ಕೊಡುತ್ತೆ? ಯಜಮಾನ ದಿಂಬನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು, “ಚಾಲ್ಶೇ” ಎನ್ನುತ್ತಾನೆ.