ಬೆಳ್ಳಿಗೊಂದು ಬಿಡಾರ

ಮೈಸೂರಿನಲ್ಲಿ ನಾದಿನಿಯ ಮಗಳ ಮದುವೆ, ನಾಲ್ಕು ದಿನದ ಕಾರ್ಯಕ್ರಮ. ಹೊಸಪೇಟೆಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಮಲಗಿದರೆ ಬೆಳಗ್ಗೆ ಮೈಸೂರು, ಅದೇನೂ ತಲೆನೋವಲ್ಲ. ತಲೆನೋವೆಲ್ಲ ಬೆಳ್ಳಿಯದು. ಬೆಳ್ಳಿ ಎಂದರೆ ನಮ್ಮ ನಾಯಿ. ರೈಲಿನಲ್ಲಿ ಒಯ್ಯಬೇಕೆಂದರೆ ಫಸ್ಟ್ ಎಸಿಯಲ್ಲಿ ಇಡೀ ಕೂಪೆ ನಮ್ಮದೇ ಆಗಬೇಕು, ಇಲ್ಲವೇ ಗಾರ್ಡ್ ಡಬ್ಬಿಯ ನಾಯಿಪೆಟ್ಟಿಗೆಗೆ ಹಾಕಬೇಕು. ಮೊದಲನೆಯದು ನನ್ನ ಜೇಬಿಗೆ ಒಗ್ಗದು, ಎರಡನೆಯದು ನನ್ನ ಹೆಂಡತಿಗೆ. “ಬೇಕಾದ್ರೆ ಆ ಪೆಟ್ಟಿಗೇಲಿ ನೀವು ಬನ್ನಿ” ಅಂದಳು.

ಬೆಂಗಳೂರಿನ ಭಾವಮೈದುನ ಅಲ್ಲಿಯ ನಾಯಿ ಹಾಸ್ಟೆಲ್ಲಿನ ಫೋಟೊ ಕಳಿಸಿದ. ಎಸಿ ಕೋಣೆ, ಈಜುಕೊಳ, ನನ್ನದಕ್ಕಿಂತ ಮೆತ್ತನೆಯ ಹಾಸಿಗೆ. ನಮ್ಮ ಕಡೆ ಅಂಥ ಉಪಚಾರ ಇರುವುದು ಕರಡಿಗಳಿಗೆ ಮಾತ್ರ. 1994ರಲ್ಲಿ ಆದ ದರೋಜಿ ಕರಡಿಧಾಮದಲ್ಲಿ ಬಂಡೆಗೆ ಬೆಲ್ಲದ ಪಾಕ ಬಳಿದಿಡುತ್ತಾರೆ. ಇಳಿಹೊತ್ತಿಗೆ ಅವು ಇಳಿದು ಬಂದು ನೆಕ್ಕಿಕೊಂಡು ಹೋಗುತ್ತವೆ. ಹಾಗಂತ ನಾಯಿಗೆ ಮರ್ಯಾದೆ ಇಲ್ಲದ ಸೀಮೆಯೇನಲ್ಲ ನಮ್ಮದು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ದೇವರ ಸೇವಕರಾದ ಗೊರವಯ್ಯಗಳು ಕರಿಕಂಬಳಿ ಹೊದ್ದು, ದೋಣಿ ಎಂಬ ಪಾತ್ರೆಗೆ ಪ್ರಸಾದ ಬಿದ್ದರೆ ನಾಯಿಯಂತೆ ಬೊಗಳಿ, ಬಾಯಿ ಹಾಕಿಯೇ ತಿನ್ನುತ್ತಾರೆ. ಆದರೆ “ನಾಲ್ಕು ದಿನ ನಾಯಿ ನೋಡ್ಕೊಳ್ಳಿ, ರೊಕ್ಕ ಕೊಡ್ತೀನಿ” ಎಂದರೆ ಮಾತ್ರ ಜನ ನನ್ನ ಮುಖವನ್ನೇ ಒಂದು ಗಳಿಗೆ ನೋಡುತ್ತಾರೆ.

ಸಂಡೂರಿನ ಸೋದರಮಾವ “ಬಿಟ್ಟು ಹೋಗೋ ಅಳಿಯಾ” ಅಂದರು. ಮಾವನ ಮನೆ ಅದಿರು ಲಾರಿಗಳ ರಸ್ತೆಗೇ ಇದೆ. ಅವರ ಪಂಚೆ ಬೆಳ್ಳಗಿದ್ದದ್ದನ್ನು ನಾನು ಅವರ ಮದುವೆ ಫೋಟೊದಲ್ಲಷ್ಟೇ ಕಂಡಿದ್ದೇನೆ. ಅಲ್ಲಿಗೆ ಬೆಳ್ಳಿ ಹೋದರೆ ತಾಮ್ರ ವಾಪಸ್ ಬರುತ್ತದೆ.

ಹಂಪಿಯಲ್ಲಿ ಹೋಮ್‌ಸ್ಟೇ ನಡೆಸುವ ಗೆಳೆಯನ ಹಿತ್ತಲು ಚೆನ್ನಾಗಿತ್ತು: ಬಾಳೆತೋಟ, ನೆರಳು, ಅದರ ಹಿಂದೆಯೇ ಬಂಡೆಗುಡ್ಡ. “ಚಿರತೆ ಬರ್ತೈತಾ?” ಎಂದೆ. “ದಿನಾ ಎಲ್ಲಿ ಬರ್ತೈತೆ ಮಾರಾಯ!” ಎಂದ. ಚಿರತೆಗೆ ನಾಯಿ ಎಂದರೆ ನಮಗೆ ಮಿರ್ಚಿ ಇದ್ದ ಹಾಗೆ, ಕಂಡ ಮೇಲೆ ಬಿಡುವ ಮಾತಿಲ್ಲ. “ನಮ್ಮನೇಲೂ ಒಂದು ನಾಯಿ ಇತ್ತು” ಎಂದು ಅವನು ಶುರು ಮಾಡಿದ. ಆ ‘ಇತ್ತು’ ಕೇಳಿದ್ದೇ ಎದ್ದು ಬಂದೆ.

ಕೊನೆಗೆ ಕಂಪ್ಲಿ. ಪರಿಚಯದ ರೈತ, ಗದ್ದೆಯಲ್ಲೇ ಮನೆ, ರಾತ್ರಿ ಕದ ಹಾಕುವ ಪಡಸಾಲೆ. ಅವನ ನಾಯಿಯ ಕೊರಳಲ್ಲಿ ಮೊಳೆ ಹೊಡೆದ ಅಗಲದ ತೊಗಲು ಪಟ್ಟಿ. ಮೊಳೆಯ ಮೊನೆಗಳೆಲ್ಲ ಹೊರಕ್ಕೆ. ಚಿರತೆ ಕುತ್ತಿಗೆಗೇ ಬಾಯಿ ಹಾಕುವುದರಿಂದ ಈ ಏರ್ಪಾಟು. ಓದಿಕೊಂಡವನ ಗತ್ತಿನಲ್ಲಿ ನಾನು ಕೇಳಿದೆ: “ನಿಮ್ಮ ನಾಯಿಗೆ ರೇಬಿಸ್ ಇಂಜೆಕ್ಷನ್ ಆಗೈತಾ?”

“ನಾಯಿಗೆ ಆಗಿಲ್ಲ ಸಾರ್, ನನಗೆ ಆಗೈತೆ” ಎಂದು ಲುಂಗಿ ಎತ್ತಿ ಮೀನಖಂಡದ ಗಾಯದ ಕಲೆ ತೋರಿಸಿದ.

ಪುಣ್ಯಕ್ಕೆ ಮದುವೆಗೆ ಇನ್ನೂ ತಿಂಗಳಿತ್ತು. ಮರುದಿನವೇ ಅವನ ನಾಯಿಯನ್ನು ಪಶು ಆಸ್ಪತ್ರೆಗೆ ಒಯ್ದು ಚುಚ್ಚಿಸಿಕೊಂಡು ಬಂದೆವು. ಬೆಳ್ಳಿಯ ಊಟಕ್ಕೆ ಉಳ್ಳಾಗಡ್ಡಿ ಹಾಕಬೇಡ, ನಾಯಿಯ ರಕ್ತ ಕೆಡುತ್ತದೆ ಎಂದೆ. “ಉಳ್ಳಾಗಡ್ಡಿ ಇಲ್ದೆ ಏನು ತಿಂತೈತೆ ಪಾಪ!” ಎಂದು ಮರುಗಿದ. ಆಮೇಲೆ ಕೇಳಿದ: “ರಾತ್ರಿ ಎಲ್ಲಿ ಮಲಗ್ತೈತೆ?”

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. “ಮಂಚದ ಮೇಲೆ” ಎಂದಳು ಹೆಂಡತಿ, ಮೆಲ್ಲಗೆ.

ಅವನು ನಗಲಿಲ್ಲ. “ನಮ್ಮಲ್ಲೂ ಮಂಚ ಐತೆ ಅಕ್ಕ” ಎಂದ. ಅಷ್ಟು ಜನರಲ್ಲಿ ಬೆಳ್ಳಿಯ ಬಗ್ಗೆ ಒಂದು ಪ್ರಶ್ನೆ ಕೇಳಿದವನು ಅವನೊಬ್ಬನೇ. ಅಲ್ಲೇ ತೀರ್ಮಾನವಾಯಿತು.

ಮದುವೆ ಮುಗಿಸಿ ಬಂದಾಗ ಬೆಳ್ಳಿ ಕೆಸರುಗಾಲಲ್ಲಿ ಬದುವಿನ ಮೇಲೆ ನಿಂತಿತ್ತು. ನಮ್ಮನ್ನು ಕಂಡು ಒಮ್ಮೆ ಬಾಲ ಆಡಿಸಿ ಏಡಿಯ ಬಿಲ ಕೆದರುವುದಕ್ಕೆ ಮರಳಿತು. ದುಡ್ಡು ಕೊಡಹೋದರೆ ಆತ ಕೈಯನ್ನೇ ಚಾಚಲಿಲ್ಲ. “ರೊಕ್ಕ ಬ್ಯಾಡ ಸಾರ್. ಮುಂದಿನ ತಿಂಗಳು ನಾವು ಧರ್ಮಸ್ಥಳಕ್ಕೆ ಹೊಂಟೀವಿ, ಮೂರು ದಿನ. ನಮ್ಮವು ಎರಡು ಎಮ್ಮೆ ಅದಾವೆ.”

ನಮ್ಮದು ಹೊಸಪೇಟೆಯಲ್ಲಿ 30×40 ಸೈಟಿನ ಮನೆ. ಓದುಗರಲ್ಲಿ ಯಾರಿಗಾದರೂ ಹಿತ್ತಲಿದ್ದರೆ ದಯವಿಟ್ಟು ತಿಳಿಸಿ. ಎಮ್ಮೆಗಳು ಸಾಧು, ಮಂಚ ಕೇಳುವುದಿಲ್ಲ.